ಮೇಣದಬತ್ತಿ ಉರಿದಷ್ಟು ಹೊತ್ತು

‘ರಂಗ್ ದೇ ಬಸಂತಿ’ಯ ಮೊದಲರ್ಧದಲ್ಲಿ ನಗು ತರಿಸುವ ಒಂದು ಸನ್ನಿವೇಶವಿದೆ. ಭಗತ್ ಸಿಂಗ್, ಆಜಾದ್, ಬಿಸ್ಮಿಲ್ ಅವರ ಬಗ್ಗೆ ಚಿತ್ರ ತೆಗೆಯಬೇಕೆಂದು ಲಂಡನ್ನಿನಿಂದ ಬಂದ ಸೂ ಎಂಬ ಯುವತಿ ದೆಹಲಿಯಲ್ಲಿ ನಟರನ್ನು ಹುಡುಕುತ್ತಿದ್ದಾಳೆ. ಹುಡುಗರು ಒಬ್ಬೊಬ್ಬರಾಗಿ ಕ್ಯಾಮೆರಾ ಮುಂದೆ ಬರುತ್ತಾರೆ. ಕ್ರಾಂತಿಕಾರಿಯ ಮಾತು ಯಾರ ಬಾಯಲ್ಲೂ ಕೂರುವುದಿಲ್ಲ. ಕೊನೆಗೆ ಕ್ಯಾಂಪಸ್ಸಿನಲ್ಲಿ ಸಿಕ್ಕ ಗೆಳೆಯರ ಗುಂಪಿಗೇ ಪಾತ್ರ ಹಂಚೋಣವೆಂದರೆ ಅವರಿಗೂ ನಗು ತಡೆಯದು. ದೇಶಕ್ಕಾಗಿ ಸಾಯುವುದೆಂದರೆ ಅವರಿಗೆ ಶಾಲೆಯ ಆಗಸ್ಟ್ ಹದಿನೈದರ ನಾಟಕ. ಆ ನಗು ನಿಲ್ಲಲು ಒಬ್ಬ ಗೆಳೆಯನ ಹೆಣ ಬರಬೇಕಾಯಿತು.

2006ರ ಜನವರಿ 26ರಂದು ತೆರೆಕಂಡ ಈ ಚಿತ್ರಕ್ಕೆ ಇಪ್ಪತ್ತು ವರ್ಷ ತುಂಬಿದೆ. ಈ ಅವಧಿಯಲ್ಲಿ ಅದರ ಬಗ್ಗೆ ಪದೇ ಪದೇ ಕೇಳಿಬಂದ ಹೊಗಳಿಕೆ ಒಂದೇ: ಇದು ಯುವಕರನ್ನು ಎಬ್ಬಿಸಿತು. ಇಂಡಿಯಾ ಗೇಟ್‌ನ ಮೇಣದಬತ್ತಿಗಳಿಂದ ಹಿಡಿದು ಅಣ್ಣಾ ಹಜಾರೆ ಚಳವಳಿಯವರೆಗೆ ಎಲ್ಲದರ ಬೇರನ್ನೂ ಇದರಲ್ಲಿ ಹುಡುಕಿದವರಿದ್ದಾರೆ. ಒಂದು ಸಿನಿಮಾ ನಿಜಕ್ಕೂ ಒಂದು ಪೀಳಿಗೆಯನ್ನು ಎಬ್ಬಿಸಬಲ್ಲುದೇ? ಎಬ್ಬಿಸಿದರೆ, ಎದ್ದವರು ಎಷ್ಟು ದೂರ ನಡೆದರು?

ಕನ್ನಡಿಗರಿಗೆ ಈ ಪ್ರಶ್ನೆ ಹೊಸದೇನಲ್ಲ. 1972ರ ‘ಬಂಗಾರದ ಮನುಷ್ಯ’ ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಮರಳಿ ನೇಗಿಲು ಹಿಡಿದ ಯುವಕರ ಕಥೆಯನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ಹಾಗೆ ಮರಳಿದವರು ಎಷ್ಟು ಮಂದಿ ಎಂದು ಯಾರೂ ಲೆಕ್ಕ ಇಟ್ಟಿಲ್ಲ. ಆದರೂ ಆ ಕಥೆ ಉಳಿದಿದೆ, ಏಕೆಂದರೆ ಊರಿಗೆ ಮರಳುವ ಆಸೆ ಆ ಕಾಲದ ಮನಸ್ಸಿನಲ್ಲಿ ಮೊದಲೇ ಇತ್ತು. ರಾಜ್‌ಕುಮಾರ್ ಅಭಿನಯದ ರಾಜೀವ ಅದಕ್ಕೊಂದು ಮುಖ ಕೊಟ್ಟ. ‘ರಂಗ್ ದೇ ಬಸಂತಿ’ ಮಾಡಿದ್ದೂ ಬಹುಪಾಲು ಇದನ್ನೇ ಎಂಬುದು ನನ್ನ ಎಣಿಕೆ. ಅದು ಸಿಟ್ಟನ್ನು ಹುಟ್ಟಿಸಲಿಲ್ಲ, ಇದ್ದ ಸಿಟ್ಟಿಗೆ ಒಂದು ಭಂಗಿ ಕೊಟ್ಟಿತು. ಭಂಗಿ ಬಹಳ ಬೇಗ ಹಬ್ಬಿತು. ಚಿತ್ರ ಎತ್ತಿದ ಪ್ರಶ್ನೆ ಮಾತ್ರ ಎಲ್ಲೋ ನಡುವೆ ಕೈಜಾರಿತು.

ಚಿತ್ರ ಬಂದ ಹೊತ್ತು

ರಾಕೇಶ್ ಓಂಪ್ರಕಾಶ್ ಮೆಹ್ರಾ ನಿರ್ದೇಶನ, ಕಮಲೇಶ್ ಪಾಂಡೆ ಕಥೆ, ಪ್ರಸೂನ್ ಜೋಷಿ ಸಂಭಾಷಣೆ ಮತ್ತು ಗೀತೆ, ಎ.ಆರ್. ರೆಹಮಾನ್ ಸಂಗೀತ, ಬಿನೋದ್ ಪ್ರಧಾನ್ ಛಾಯಾಗ್ರಹಣ. ಆಮಿರ್ ಖಾನ್, ಸಿದ್ಧಾರ್ಥ್, ಶರ್ಮನ್ ಜೋಷಿ, ಕುನಾಲ್ ಕಪೂರ್, ಸೋಹಾ ಅಲಿ ಖಾನ್ ಜೊತೆಗೆ ನಮ್ಮ ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿ. ಮರುವರ್ಷ ‘ಆ ದಿನಗಳು’ ಚಿತ್ರದಲ್ಲಿ ಕನ್ನಡಿಗರು ಕಂಡ ಅದೇ ಅತುಲ್ ಇಲ್ಲಿ ಲಕ್ಷ್ಮಣ ಪಾಂಡೆ. ಸಂಸ್ಕೃತಿ ರಕ್ಷಣೆಯ ಹೆಸರಿನಲ್ಲಿ ಈ ಗೆಳೆಯರ ಮೇಲೆ ಕೈ ಮಾಡುವ ಪಕ್ಷದ ಕಾರ್ಯಕರ್ತ ಅವನು. ಚಿತ್ರದೊಳಗಿನ ಚಿತ್ರದಲ್ಲಿ ಅವನು ರಾಮ್ ಪ್ರಸಾದ್ ಬಿಸ್ಮಿಲ್. ಅವನಿಗೆ ಸಹಿಸಲಾಗದ, ಗುಂಪಿನ ಗೆಳೆಯ ಅಸ್ಲಂ ಅಲ್ಲಿ ಅಶ್ಫಾಕುಲ್ಲಾ ಖಾನ್. ಪಾತ್ರ ಮಾಡುತ್ತ ಮಾಡುತ್ತ ಇಬ್ಬರ ನಡುವಿನ ಗೋಡೆ ಕರಗುತ್ತದೆ.

ಕಥೆಯ ಕೀಲು ಒಂದು ವಿಮಾನ ಅಪಘಾತ. ಗುಂಪಿನ ಗೆಳೆಯ, ವಾಯುಪಡೆಯ ಪೈಲಟ್ ಅಜಯ್ ರಾಥೋಡ್, ಮಿಗ್-21 ಕೆಟ್ಟಾಗ ಹೊರಗೆ ಹಾರಿಕೊಳ್ಳದೆ, ಕೆಳಗಿನ ಊರನ್ನು ಉಳಿಸಲು ಹೋಗಿ ಸಾಯುತ್ತಾನೆ. ತಪ್ಪು ಪೈಲಟ್‌ನದೇ ಎನ್ನುತ್ತಾರೆ ರಕ್ಷಣಾ ಸಚಿವರು. ಅಗ್ಗದ ಬಿಡಿಭಾಗ, ಲಂಚ, ದಲ್ಲಾಳಿ ಎಂದು ಬಿಚ್ಚುತ್ತ ಹೋದ ಗಂಟು ಗುಂಪಿನಲ್ಲೊಬ್ಬನಾದ ಕರಣ್‌ನ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಇಂಡಿಯಾ ಗೇಟ್‌ನಲ್ಲಿ ಮೇಣದಬತ್ತಿ ಹಿಡಿದು ಮೌನವಾಗಿ ನಿಂತವರ ಮೇಲೆ ಲಾಠಿ ಬೀಳುತ್ತದೆ, ಅಜಯ್‌ನ ತಾಯಿ ಪ್ರಜ್ಞೆ ಕಳೆದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಗೆಳೆಯರು ಸಚಿವನನ್ನು ಕೊಲ್ಲುತ್ತಾರೆ. ಆಕಾಶವಾಣಿ ಕೇಂದ್ರಕ್ಕೆ ನುಗ್ಗಿ ನಿಜ ಹೇಳುತ್ತಾರೆ. ಕಮಾಂಡೊಗಳ ಗುಂಡಿಗೆ ಬಲಿಯಾಗುತ್ತಾರೆ.

ಇದು ಬರೀ ಕಲ್ಪನೆಯಾಗಿರಲಿಲ್ಲ. ಆ ಹೊತ್ತಿಗಾಗಲೇ ಮಿಗ್-21ಕ್ಕೆ ‘ಹಾರುವ ಶವಪೆಟ್ಟಿಗೆ’ ಎಂಬ ಹೆಸರು ಅಂಟಿತ್ತು. 2001ರಲ್ಲಿ ಮಿಗ್ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು, ತಪ್ಪು ಮಗನದಲ್ಲವೆಂದು ವರ್ಷಗಟ್ಟಲೆ ಹೋರಾಡಿದ್ದರು. ಆ ಹೆಸರನ್ನು ಅಳಿಸಲೆಂದೇ 2003ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವ ಜಾರ್ಜ್ ಫರ್ನಾಂಡಿಸ್, ಮಂಗಳೂರಿನವರು, 73ರ ವಯಸ್ಸಿನಲ್ಲಿ ಅಂಬಾಲಾದಿಂದ ಮಿಗ್-21ರಲ್ಲಿ ಕೂತು ಹಾರಿ ಬಂದಿದ್ದರು.

ಹಾಗಾಗಿ ಸೆನ್ಸಾರ್ ಮಂಡಳಿಗೆ ತಲೆನೋವಾಯಿತು. ಆಗ ಮಂಡಳಿಯ ಅಧ್ಯಕ್ಷೆ ಶರ್ಮಿಳಾ ಟ್ಯಾಗೋರ್, ಚಿತ್ರದ ನಟಿ ಸೋಹಾಳ ತಾಯಿ. ಬಿಡುಗಡೆಗೆ ಮೊದಲು ರಕ್ಷಣಾ ಸಚಿವ ಪ್ರಣಬ್ ಮುಖರ್ಜಿ ಮತ್ತು ಮೂರೂ ಪಡೆಗಳ ಮುಖ್ಯಸ್ಥರಿಗೆ ವಿಶೇಷ ಪ್ರದರ್ಶನ ನಡೆಯಿತು. ರಕ್ಷಣಾ ಸಚಿವನನ್ನೇ ಗುಂಡಿಕ್ಕಿ ಕೊಲ್ಲುವ ಚಿತ್ರವನ್ನು ರಕ್ಷಣಾ ಸಚಿವರೇ ನೋಡಿ, ಬರಲಿ ಎಂದು ಬಿಟ್ಟರು. ಇಂದಿನ ವಾತಾವರಣದಲ್ಲಿ ಇದನ್ನು ಓದಿದವರಿಗೆ ಚಿತ್ರದ ಕಥೆಗಿಂತ ಈ ಸಂಗತಿಯೇ ಹೆಚ್ಚು ಸಿನಿಮೀಯ ಅನ್ನಿಸಬಹುದು.

2002ರ ಜೂನ್‌ನಲ್ಲಿ ಒಂದೇ ದಿನ ತೆರೆಕಂಡ ಭಗತ್ ಸಿಂಗ್ ಕುರಿತ ಎರಡು ಹಿಂದಿ ಚಿತ್ರಗಳು ಗಲ್ಲಾಪೆಟ್ಟಿಗೆಯಲ್ಲಿ ಸೋತಿದ್ದವು. ಹುತಾತ್ಮರನ್ನು ಅವರ ಕಾಲದಲ್ಲೇ ಇಟ್ಟು ತೋರಿಸಿದರೆ ಯುವಕರು ಬರುವುದಿಲ್ಲ ಎಂಬ ಪಾಠ ಅದರಲ್ಲಿತ್ತು. ಮೆಹ್ರಾ ಮಾಡಿದ ಜಾಣತನವೆಂದರೆ, ಹುತಾತ್ಮರನ್ನು ನೋಡಿ ನಗುವವನನ್ನೇ ಕಥೆಯ ನಡುವೆ ತಂದು ಕೂರಿಸಿದ್ದು. ಆಮಿರ್ ಮಾಡಿದ ಡಿಜೆ, ಓದು ಮುಗಿದು ಐದು ವರ್ಷವಾದರೂ ಕ್ಯಾಂಪಸ್ ಬಿಟ್ಟಿಲ್ಲ. ಒಳಗೆ ತನಗೊಂದು ಹೆಸರಿದೆ, ಗೇಟಿನಾಚೆ ಕೋಟಿ ಜನರ ನಡುವೆ ತಾನು ಯಾರೂ ಅಲ್ಲ ಎಂಬ ಅಂಜಿಕೆ ಅವನದು. ಇಡೀ ಚಿತ್ರದಲ್ಲಿ ಅತ್ಯಂತ ಪ್ರಾಮಾಣಿಕವಾದ ಗಳಿಗೆ ಅವನು ಇದನ್ನು ಒಪ್ಪಿಕೊಳ್ಳುವ ಗಳಿಗೆ. ಪಂಜಾಬಿನ ದೊರಾಹಾದಲ್ಲಿರುವ ಹಳೆಯ ಮೊಘಲ್ ಸರಾಯಿಯಲ್ಲಿ ಚಿತ್ರೀಕರಣ ನಡೆದಿತ್ತು. ಆ ಸರಾಯಿಗೆ ಈಗ ಸುತ್ತಲಿನವರ ಬಾಯಲ್ಲಿ ‘ರಂಗ್ ದೇ ಬಸಂತಿ ಕಿಲಾ’ ಎಂದೇ ಹೆಸರು. ಸಿನಿಮಾದ ಬಣ್ಣ ಚರಿತ್ರೆಯ ಗೋಡೆಗೆ ಎಷ್ಟು ಬೇಗ ಹಿಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಪ್ಪತ್ತಾರು ದಿನಗಳ ನಂತರ

2006ರ ಫೆಬ್ರವರಿ 21ರಂದು, ಚಿತ್ರ ಬಂದು ಇಪ್ಪತ್ತಾರನೆಯ ದಿನಕ್ಕೆ, ಜೆಸ್ಸಿಕಾ ಲಾಲ್ ಕೊಲೆ ಪ್ರಕರಣದಲ್ಲಿ ದೆಹಲಿಯ ವಿಚಾರಣಾ ನ್ಯಾಯಾಲಯ ಒಂಬತ್ತೂ ಆರೋಪಿಗಳನ್ನು ಖುಲಾಸೆ ಮಾಡಿತು. 1999ರ ಏಪ್ರಿಲ್ ಕೊನೆಯ ಒಂದು ರಾತ್ರಿ, ದೆಹಲಿಯ ಗಣ್ಯರು ನೆರೆದಿದ್ದ ಔತಣದಲ್ಲಿ ನಡೆದ ಕೊಲೆ ಅದು. ಪ್ರಮುಖ ಆರೋಪಿ ಪ್ರಭಾವಿ ರಾಜಕಾರಣಿಯೊಬ್ಬರ ಮಗ. ಕಣ್ಣಾರೆ ಕಂಡವರು ಒಬ್ಬರ ಹಿಂದೊಬ್ಬರು ಮಾತು ತಿರುಗಿಸಿದ್ದರು.

ತೀರ್ಪು ಬಂದ ಕೆಲವೇ ದಿನಗಳಲ್ಲಿ ಇಂಡಿಯಾ ಗೇಟ್‌ನಲ್ಲಿ ಮೇಣದಬತ್ತಿಗಳು ಹತ್ತಿಕೊಂಡವು. ತೆರೆಯ ಮೇಲೆ ಕಂಡ ಜಾಗ, ತೆರೆಯ ಮೇಲೆ ಕಂಡದ್ದೇ ಮೌನ. ಸುದ್ದಿವಾಹಿನಿಗಳು ಎಸ್ಸೆಮ್ಮೆಸ್ ಅಭಿಯಾನ ನಡೆಸಿದವು. ಹೆಸರಿಗಾಗಿ ಹುಡುಕುತ್ತಿದ್ದ ಪತ್ರಿಕೆಗಳಿಗೆ ‘ಆರ್‌ಡಿಬಿ ಎಫೆಕ್ಟ್’ ಎಂಬ ಪದ ಸಿಕ್ಕಿತು. ದೆಹಲಿ ಪೊಲೀಸರು ಹೈಕೋರ್ಟ್‌ಗೆ ಮೇಲ್ಮನವಿ ಹೋದರು. ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟ್ ಪ್ರಮುಖ ಆರೋಪಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1996ರ ಪ್ರಿಯದರ್ಶಿನಿ ಮಟ್ಟೂ ಕೊಲೆಯ ಖುಲಾಸೆಯೂ 2006ರ ಅಕ್ಟೋಬರ್‌ನಲ್ಲಿ ತಲೆಕೆಳಗಾಯಿತು.

ಚಿತ್ರದ ಪ್ರಭಾವದ ಬಗ್ಗೆ ಮಾತನಾಡುವ ಯಾರೂ ಈ ಅಧ್ಯಾಯವನ್ನು ಬಿಡುವುದಿಲ್ಲ. ಅಧ್ಯಯನಗಳೂ ನಡೆದಿವೆ. 2012ರಲ್ಲಿ ರಿತೇಶ್ ಮೆಹ್ತಾ ಎಂಬ ಸಂಶೋಧಕರು ಇದನ್ನು ‘ಫ್ಲ್ಯಾಶ್ ಆ್ಯಕ್ಟಿವಿಸಂ’ ಎಂದು ಕರೆದರು. ಮಿಂಚಿನಂತೆ ಹೊಳೆದು, ಮಿಂಚಿನಂತೆಯೇ ಸರಿಯುವ ಚಳವಳಿ ಎಂಬ ಧ್ವನಿ ಆ ಹೆಸರಿನಲ್ಲೇ ಇದೆ.

ಆದರೆ ಮೇಣದಬತ್ತಿಯನ್ನು ಸಿನಿಮಾ ಕಂಡುಹಿಡಿಯಲಿಲ್ಲ. ಪತ್ರಕರ್ತ ಕುಲದೀಪ್ ನಯ್ಯರ್ ಮತ್ತು ಗೆಳೆಯರು ಅದಕ್ಕಿಂತ ವರ್ಷಗಳ ಹಿಂದೆಯೇ ಆಗಸ್ಟ್ 14ರ ರಾತ್ರಿ ವಾಘಾ ಗಡಿಯಲ್ಲಿ ಶಾಂತಿಗಾಗಿ ಮೇಣದಬತ್ತಿ ಹಚ್ಚುತ್ತಿದ್ದರು. ಜೆಸ್ಸಿಕಾ ಪ್ರಕರಣ ತಿರುಗಿದ್ದೂ ಬತ್ತಿಯ ಬೆಳಕಿನಲ್ಲಷ್ಟೇ ಅಲ್ಲ. ಏಳು ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದ ಆಕೆಯ ಕುಟುಂಬ, ಸಾಕ್ಷಿಗಳು ಹೇಗೆ ತಿರುಗಿಬಿದ್ದರೆಂದು ಗುಟ್ಟಾಗಿ ಚಿತ್ರೀಕರಿಸಿದ ಪತ್ರಕರ್ತರು, ದಾಖಲೆಗಳನ್ನು ಮತ್ತೆ ಓದಿದ ನ್ಯಾಯಮೂರ್ತಿಗಳು ಅದರ ಹಿಂದಿದ್ದರು. ಮೇಣದಬತ್ತಿ ಮಾಡಿದ್ದು ಒಂದು ಕೆಲಸ: ಈ ಫೈಲನ್ನು ಯಾರೂ ಸದ್ದಿಲ್ಲದೆ ಮುಚ್ಚದಂತೆ ನೋಡಿಕೊಂಡಿತು. ಅದು ಸಣ್ಣ ಕೆಲಸವೇನಲ್ಲ. ಆದರೆ ಫೈಲು ಇಲ್ಲದಿದ್ದರೆ ಬೆಳಕು ಬೀಳುವುದಾದರೂ ಯಾವುದರ ಮೇಲೆ?

ಚಿತ್ರ ಬಂದಾಗ ಹಿರಿಯರನ್ನು ಕಾಡಿದ ಭಯ ಬೇರೆಯೇ ಇತ್ತು. ಸಚಿವನನ್ನು ಕೊಂದವರನ್ನು ನಾಯಕರನ್ನಾಗಿ ಮಾಡಿದರೆ ಹುಡುಗರು ಬಂದೂಕು ಹಿಡಿದಾರು ಎಂಬುದು ಆ ಭಯ. ಹಾಗಾಗಲಿಲ್ಲ. ಚಿತ್ರದ ಎರಡು ದಾರಿಗಳಲ್ಲಿ ಒಂದು ಮೇಣದಬತ್ತಿ, ಇನ್ನೊಂದು ಬಂದೂಕು. ಚಿತ್ರದೊಳಗೆ ಗೆದ್ದದ್ದು ಎರಡನೆಯದು, ಚಿತ್ರಮಂದಿರದ ಹೊರಗೆ ಮೊದಲನೆಯದು. ಪ್ರೇಕ್ಷಕ ದಡ್ಡನಲ್ಲ, ತನಗೆ ಬೇಕಾದುದನ್ನಷ್ಟೇ ಎತ್ತಿಕೊಂಡ. ಅದೇ ಸೆಪ್ಟೆಂಬರ್‌ನಲ್ಲಿ ಬಂದ ‘ಲಗೇ ರಹೋ ಮುನ್ನಾಭಾಯ್’ ತಪ್ಪು ಮಾಡಿದವನ ಕೈಗೆ ಹೂ ಕೊಡುವ ಗಾಂಧಿಗಿರಿಯನ್ನು ಜನಪ್ರಿಯಗೊಳಿಸಿತು. ಒಂದೇ ವರ್ಷದಲ್ಲಿ ಭಗತ್ ಸಿಂಗ್ ಮತ್ತು ಗಾಂಧಿ ಇಬ್ಬರೂ ಹಿಂದಿ ತೆರೆಯ ಮೂಲಕ ಕಾಲೇಜುಗಳಿಗೆ ಮರಳಿದರು. ಅನುಕರಿಸಲು ಹೂವೂ ಬತ್ತಿಯೂ ಸುಲಭ ಎಂಬುದನ್ನು ಮರೆಯುವಂತಿಲ್ಲ.

ಎದ್ದ ಯುವಕ ಯಾರು?

ಆ ವರ್ಷದ ಬೇಸಿಗೆಯಲ್ಲಿ ಇನ್ನೊಂದು ಕಿಚ್ಚು ಹತ್ತಿತು. ಕೇಂದ್ರದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಶೇ 27 ಮೀಸಲಾತಿ ತರುವುದಾಗಿ ಸಚಿವ ಅರ್ಜುನ್ ಸಿಂಗ್ ಪ್ರಕಟಿಸಿದ್ದೇ ತಡ, ದೆಹಲಿಯ ಏಮ್ಸ್ ಸೇರಿದಂತೆ ಹಲವೆಡೆ ವೈದ್ಯಕೀಯ ವಿದ್ಯಾರ್ಥಿಗಳು ಬೀದಿಗಿಳಿದರು. ‘ಯೂತ್ ಫಾರ್ ಈಕ್ವಾಲಿಟಿ’ ಹುಟ್ಟಿತು. ಅಲ್ಲೂ ಅದೇ ಮೇಣದಬತ್ತಿ, ಯುವಕರು ಎಚ್ಚೆತ್ತಿದ್ದಾರೆಂಬ ಅದೇ ಮಾತು.

ಕರ್ನಾಟಕದಲ್ಲಿ ಕೂತು ನೋಡುವವರಿಗೆ ಇಲ್ಲಿ ತಡವರಿಕೆ ಸಹಜ. ಹಾವನೂರು ಆಯೋಗದ ವರದಿ ನಮ್ಮಲ್ಲಿ ಬಂದದ್ದು 1975ರಲ್ಲಿ. ಮೀಸಲಾತಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಪೀಳಿಗೆಯ ಮಕ್ಕಳೇ ಇಲ್ಲಿ ಆಮೇಲೆ ಮೇಷ್ಟರು, ಎಂಜಿನಿಯರು, ಲೇಖಕರು ಆದರು. ನಮ್ಮ ಯುವ ಎಚ್ಚರದ ಕಥೆಯಲ್ಲಿ 1973ರ ಬೂಸಾ ಪ್ರಕರಣ ಮತ್ತು ಅದರ ಬೆನ್ನಲ್ಲಿ ಮೂಡಿದ ದಲಿತ ಚಳವಳಿಗೆ ದೊಡ್ಡ ಜಾಗವಿದೆ. ಆ ಎಚ್ಚರ ಯಾವ ಸಿನಿಮಾದಿಂದಲೂ ಬಂದದ್ದಲ್ಲ. ಹಾಸ್ಟೆಲಿನ ಕೋಣೆಗಳಿಂದ, ಅವಮಾನದಿಂದ, ಓದಿನಿಂದ ಬಂದದ್ದು. 2006ರ ದೆಹಲಿಯಲ್ಲಿ ಟಿ.ವಿ. ಕ್ಯಾಮೆರಾಗಳು ‘ಯುವಭಾರತ’ ಎಂದು ತೋರಿಸಿದ ಮುಖಗಳಲ್ಲಿ ಈ ಹಾಸ್ಟೆಲಿನ ಹುಡುಗ ಇರಲಿಲ್ಲ. ಚಿತ್ರದಲ್ಲೂ ಇಲ್ಲ. ಧರ್ಮದ ಬಿರುಕನ್ನು ಧೈರ್ಯವಾಗಿ ಮುಟ್ಟಿದ ‘ರಂಗ್ ದೇ ಬಸಂತಿ’ ಜಾತಿಯ ಹತ್ತಿರ ಸುಳಿಯಲಿಲ್ಲ.

ಹೆಣ್ಣಿನ ವಿಷಯದಲ್ಲೂ ಕೊರತೆಯಿದೆ. ಅಜಯ್‌ನನ್ನು ಮದುವೆಯಾಗಬೇಕಿದ್ದ ಸೋನಿಯಾಗೆ ಎಲ್ಲರಿಗಿಂತ ಹೆಚ್ಚು ನೋವಾಗಿದೆ, ಸಿಟ್ಟೂ ಆಕೆಯದೇ ಹೆಚ್ಚು. ಆದರೆ ಆಕಾಶವಾಣಿಗೆ ನುಗ್ಗುವಾಗ ಅವಳು ಅಲ್ಲಿಲ್ಲ. ಚಿತ್ರದೊಳಗಿನ ಚಿತ್ರದಲ್ಲಿ ಅವಳು ದುರ್ಗಾ ಭಾಬಿ. ನಿಜವಾದ ದುರ್ಗಾ ಭಾಬಿಯೋ, ಬ್ರಿಟಿಷ್ ಪೊಲೀಸ್ ಅಧಿಕಾರಿ ಸಾಂಡರ್ಸ್‌ನ ಹತ್ಯೆಯಾದ ಮೇಲೆ ಭಗತ್ ಸಿಂಗ್‌ರ ಹೆಂಡತಿಯ ವೇಷದಲ್ಲಿ, ಮಗುವನ್ನು ಎತ್ತಿಕೊಂಡು, ಲಾಹೋರಿನಿಂದ ಪೊಲೀಸರ ಕಣ್ಣೆದುರೇ ರೈಲು ಹತ್ತಿದ ಗಟ್ಟಿಗಿತ್ತಿ. ಎಂಬತ್ತು ವರ್ಷ ಹಿಂದಿನ ಹೆಣ್ಣಿಗಿದ್ದ ಪಾಲು 2006ರವಳಿಗೆ ಸಿಗಲಿಲ್ಲ.

ಇನ್ನು ಮಾರುಕಟ್ಟೆ. ಇದು ಮಾಲು, ಮಲ್ಟಿಪ್ಲೆಕ್ಸ್‌ಗಳ ಕಾಲದ ಚಿತ್ರ. ಕನ್ನಡಕ್ಕೆ ಡಬ್ಬಿಂಗ್ ಇಲ್ಲದ ದಿನಗಳವು; ಇಲ್ಲಿ ಇದನ್ನು ನೋಡಿದವರು ಹಿಂದಿ ಬಲ್ಲವರು, ಹೆಚ್ಚಾಗಿ ಪೇಟೆಯವರು. ಚಿತ್ರದ ಹೆಸರು ಹೊತ್ತ ಕೋಕಾ-ಕೋಲಾ ಬಾಟಲಿಗಳೂ ಅಂಗಡಿಗೆ ಬಂದವು. ಕ್ರಾಂತಿ ತಂಪುಪಾನೀಯದ ಜೊತೆ ಬಂದರೆ ಅದರಲ್ಲಿ ಎಷ್ಟು ಪಾಲು ನೊರೆ ಎಂದು ಕೇಳುವುದು ತಪ್ಪಾಗಲಾರದು. ಹಾಗೆಂದು ಎಲ್ಲವೂ ನೊರೆಯಾಗಿರಲಿಲ್ಲ. ಆ ಏಪ್ರಿಲ್‌ನಲ್ಲಿ ಆಮಿರ್ ಖಾನ್ ಜಂತರ್ ಮಂತರ್‌ಗೆ ಹೋಗಿ ನರ್ಮದಾ ಬಚಾವೋ ಧರಣಿಯಲ್ಲಿ ಕೂತರು. ಮುಂದಿನ ತಿಂಗಳು ಅವರ ‘ಫನಾ’ ಗುಜರಾತಿನ ಚಿತ್ರಮಂದಿರಗಳಲ್ಲಿ ತೆರೆಕಾಣಲಿಲ್ಲ. ತೆರೆಯ ಮೇಲೆ ಸಚಿವನನ್ನು ಕೊಂದಾಗ ಬಾರದ ಕಷ್ಟ, ತೆರೆಯ ಹೊರಗೆ ಮುಳುಗಡೆಯಾದವರ ಪಕ್ಕ ಕೂತಾಗ ಬಂತು.

ಚರಿತ್ರೆಯ ಅರ್ಧ ಪಾಠ

ಚಿತ್ರ ಯುವಕರನ್ನು ಭಗತ್ ಸಿಂಗ್‌ರತ್ತ ತಿರುಗಿಸಿತು ಎಂಬುದು ನಿಜ. ಆದರೆ ಎಷ್ಟು ಭಗತ್ ಸಿಂಗ್? ಅದು ತೋರಿಸಿದ್ದು 1925ರ ಕಾಕೋರಿ ರೈಲು, 1928ರ ಸಾಂಡರ್ಸ್ ಹತ್ಯೆ, 1931ರ ಗಲ್ಲು. ಗುಂಡು ಮತ್ತು ಹಗ್ಗದ ನಡುವೆ ನಡೆದದ್ದು ಬಹುಪಾಲು ಬಿಟ್ಟುಹೋಗಿದೆ.

ಆ ನಡುವೆ ನಡೆದದ್ದೇ ಹೆಚ್ಚು. 1926ರಲ್ಲಿ ಲಾಹೋರಿನಲ್ಲಿ ನೌಜವಾನ್ ಭಾರತ ಸಭಾ ಕಟ್ಟಿದ್ದು. 1928ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಫಿರೋಜ್ ಶಾ ಕೋಟ್ಲಾದ ಪಾಳುಗೋಡೆಗಳ ನಡುವೆ ಕೂತು, ಸಂಘಟನೆಯ ಹೆಸರಿಗೆ ‘ಸಮಾಜವಾದಿ’ ಎಂಬ ಪದ ಸೇರಿಸಿದ್ದು. ಜೈಲಿನಲ್ಲಿ ರಾಜಕೀಯ ಕೈದಿಗಳ ಹಕ್ಕಿಗಾಗಿ ಉಪವಾಸ ಕೂತದ್ದು. ಅದರಲ್ಲಿ 63 ದಿನ ಉಪವಾಸವಿದ್ದ ಜತಿನ್ ದಾಸ್ ಪ್ರಾಣ ಬಿಟ್ಟರು. 1929ರ ಏಪ್ರಿಲ್ 8ರಂದು ಸೆಂಟ್ರಲ್ ಅಸೆಂಬ್ಲಿಯಲ್ಲಿ ಎಸೆದ ಬಾಂಬು ಯಾರನ್ನೂ ಕೊಲ್ಲದಂತೆ ಖಾಲಿ ಜಾಗ ನೋಡಿ ಎಸೆದದ್ದು. ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಓಡಿಹೋಗದೆ ನಿಂತೇ ಸೆರೆಯಾದರು, ಏಕೆಂದರೆ ಅವರಿಗೆ ನ್ಯಾಯಾಲಯ ಬೇಕಿತ್ತು, ಅಲ್ಲಿ ಆಡುವ ಮಾತು ಪತ್ರಿಕೆಗಳಲ್ಲಿ ಬರಬೇಕಿತ್ತು. ಜೈಲಿನ ಎರಡು ವರ್ಷ ಅವರು ಓದಿದರು, ನೋಟ್‌ಬುಕ್ ತುಂಬಿಸಿದರು. ತಾನೇಕೆ ನಾಸ್ತಿಕ ಎಂದು ಅವರು ಬರೆದ ಪ್ರಬಂಧ ಕನ್ನಡದಲ್ಲೂ ಸಿಗುತ್ತದೆ. ಗಲ್ಲಿಗೇರುವ ಕೆಲವೇ ವಾರಗಳ ಮೊದಲು ಯುವ ಕಾರ್ಯಕರ್ತರಿಗೆ ಬರೆದ ಪತ್ರದಲ್ಲಿ, ರೈತ-ಕಾರ್ಮಿಕರ ನಡುವೆ ಹೋಗಿ ತಾಳ್ಮೆಯಿಂದ ಸಂಘಟನೆ ಮಾಡುವ ದಾರಿಯತ್ತ ಅವರು ಬೊಟ್ಟು ಮಾಡುತ್ತಾರೆ.

ಚಿತ್ರದ ಹುಡುಗರಿಗೆ ಆ ತಾಳ್ಮೆಯಿಲ್ಲ. ಲಾಠಿ ಬಿದ್ದ ಮೇಲೆ ಬಂದೂಕಿಗೆ ಹೋಗಲು ಅವರಿಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆ ದೇಶದಲ್ಲಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ರಂದು, ಚಿತ್ರ ಬರುವ ಮೂರು ತಿಂಗಳ ಮೊದಲು. ರಕ್ಷಣಾ ಇಲಾಖೆಗೆ ಒಂದು ಅರ್ಜಿ ಹಾಕಿದ್ದರೆ ಬಹುಶಃ ‘ಭದ್ರತೆಯ ಕಾರಣ’ ಎಂಬ ಉತ್ತರ ಬರುತ್ತಿತ್ತೇನೋ. ಅರ್ಜಿ ಬರೆಯುವ ದೃಶ್ಯಕ್ಕೆ ರೆಹಮಾನ್ ಸಂಗೀತ ಕೊಡುವುದೂ ಕಷ್ಟ, ಒಪ್ಪುತ್ತೇನೆ. ಸಿನಿಮಾಕ್ಕೆ ಬೇಕಾದ ವೇಗ, ಸಮಾಜ ಬದಲಾಗುವ ವೇಗ ಬೇರೆ ಬೇರೆ. ಇದನ್ನು ಚಿತ್ರವೂ ಬಲ್ಲದು ಎಂಬುದಕ್ಕೆ ಕೊನೆಯಲ್ಲೊಂದು ಗುರುತಿದೆ: ಸಾವು ಹತ್ತಿರವಾದಾಗ ಕರಣ್ ರೇಡಿಯೊದಲ್ಲಿ ಕೇಳುಗರಿಗೆ ಹೇಳುವುದು, ರಾಜಕೀಯಕ್ಕೆ ಬನ್ನಿ, ಪೊಲೀಸ್ ಸೇರಿ, ಆಡಳಿತ ಸೇವೆಗೆ ಹೋಗಿ, ಒಳಗಿನಿಂದ ಬದಲಿಸಿ ಎಂದು. ತಾವು ಮಾಡಿದ್ದನ್ನು ಮಾಡಬೇಡಿ ಎಂದೇ ಅದರ ಅರ್ಥ. ಆದರೆ ಪ್ರೇಕ್ಷಕರ ನೆನಪಿನಲ್ಲಿ ನಿಂತದ್ದು ಆ ಮಾತಿಗಿಂತ ಗುಂಡೇಟು ತಿನ್ನುವಾಗಿನ ಅವರ ನಗು.

ಫ್ರೀಡಂ ಪಾರ್ಕ್ ಮತ್ತು ಫೈಲು

2011ರಲ್ಲಿ ಅಣ್ಣಾ ಹಜಾರೆ ದೆಹಲಿಯಲ್ಲಿ ಉಪವಾಸ ಕೂತಾಗ ಬೆಂಗಳೂರಿನಲ್ಲಿ ಜನ ಸೇರಿದ್ದು ಫ್ರೀಡಂ ಪಾರ್ಕಿನಲ್ಲಿ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದ ಹಳೆಯ ಸೆಂಟ್ರಲ್ ಜೈಲೇ ಅದು. ಸಾಫ್ಟ್‌ವೇರ್ ಕಂಪನಿಯ ಗುರುತಿನ ಚೀಟಿ ಕೊರಳಲ್ಲಿ ತೂಗುತ್ತಿದ್ದ ಹುಡುಗರು ಬಿಳಿ ಟೋಪಿ ಹಾಕಿ ಬಂದರು. ಆ ತಿಂಗಳುಗಳಲ್ಲಿ ‘ರಂಗ್ ದೇ ಬಸಂತಿ’ಯ ಹೆಸರು ಮತ್ತೆ ಕೇಳಿಬಂತು.

ಅದೇ ಬೇಸಿಗೆಯಲ್ಲಿ, ಅದೇ ಊರಿನಲ್ಲಿ, ಇನ್ನೊಂದು ಕೆಲಸವೂ ನಡೆದಿತ್ತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಕಚೇರಿಯಲ್ಲಿ ಅರಣ್ಯಾಧಿಕಾರಿ ಯು.ವಿ. ಸಿಂಗ್ ತಂಡ ಬಳ್ಳಾರಿಯ ಅದಿರು ಯಾವ ಗಣಿಯಿಂದ ಎಷ್ಟು ಹೊರಟಿತು, ಎಷ್ಟಕ್ಕೆ ಪರ್ಮಿಟ್ ಇತ್ತು, ಯಾವ ಬಂದರು ತಲುಪಿತು, ಹಣ ಯಾವ ಖಾತೆ ಸೇರಿತು ಎಂದು ಸಾಲು ಸಾಲಾಗಿ ಹೊಂದಿಸುತ್ತಿತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟ್‌ನಲ್ಲಿ ದಾವೆ ಹೂಡಿತ್ತು. ಜುಲೈ 27ರಂದು ಸಾವಿರಾರು ಪುಟಗಳ ವರದಿ ಸಲ್ಲಿಕೆಯಾಯಿತು. ಅದೇ ವಾರ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ತಿಂಗಳ ಕೊನೆಗೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಮುಂದೆ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು ಎಂಬುದನ್ನೂ ಸೇರಿಸಬೇಕು. ಆದರೆ ಬೆಟ್ಟ ಅಗೆಯುವ ಯಂತ್ರ ನಿಂತದ್ದು ನಿಜ. ನಿಲ್ಲಿಸಿದ್ದು ಆ ಕಾಗದ.

ಎರಡನ್ನೂ ಹತ್ತಿರದಿಂದ ಕಂಡವರಿಗೆ ಒಂದು ವಿಷಯ ಗೊತ್ತು: ಒಂದರ ಹಂಗು ಇನ್ನೊಂದಕ್ಕಿದೆ. ಫ್ರೀಡಂ ಪಾರ್ಕಿನ ಗದ್ದಲವಿಲ್ಲದಿದ್ದರೆ ವರದಿ ಯಾವುದೋ ಕಪಾಟು ಸೇರುತ್ತಿತ್ತು. ವರದಿ ಇಲ್ಲದಿದ್ದರೆ ಗದ್ದಲ ಒಂದು ಭಾನುವಾರಕ್ಕೆ ಮುಗಿಯುತ್ತಿತ್ತು.

2012ರ ಡಿಸೆಂಬರ್‌ನ ಒಂದು ಸಂಜೆ ನೆನಪಾಗುತ್ತದೆ. ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರ ದೇಶವನ್ನೇ ನಡುಗಿಸಿದ್ದ ದಿನಗಳು. ನಾನು ಅಂದು ಇದ್ದ ಊರಿನ ಸರ್ಕಲ್‌ನಲ್ಲಿ ಕಾಲೇಜು ಹುಡುಗ ಹುಡುಗಿಯರು ಸೇರಿದ್ದರು. ಕಿರಾಣಿ ಅಂಗಡಿಯಲ್ಲಿ ಮೇಣದಬತ್ತಿ ಪ್ಯಾಕೆಟ್ ಖಾಲಿಯಾಗಿತ್ತು. ಕಾಗದದ ಲೋಟದ ತಳಕ್ಕೆ ತೂತು ಮಾಡಿ ಬತ್ತಿ ಸಿಕ್ಕಿಸಿದ್ದರು, ಕರಗಿದ ಮೇಣ ಕೈಗೆ ಬೀಳದಿರಲೆಂದು. ಗಾಳಿ ಬಂದಾಗಲೆಲ್ಲ ಆರುತ್ತಿತ್ತು, ಪಕ್ಕದವರದ್ದರಿಂದ ಮತ್ತೆ ಹಚ್ಚಿಕೊಳ್ಳುತ್ತಿದ್ದರು. ಅರ್ಧ ಗಂಟೆಗೆ ಎಲ್ಲರೂ ಚದುರಿದರು. ರಸ್ತೆಯ ಮೇಲೆ ಕರಗಿ ಹೆಪ್ಪುಗಟ್ಟಿದ ಮೇಣ ಮಾತ್ರ ಉಳಿಯಿತು. ಬೆಳಿಗ್ಗೆ ಪೌರಕಾರ್ಮಿಕ ಹೆಂಗಸೊಬ್ಬರು ಅದನ್ನು ಕೆರೆದು ತೆಗೆಯುತ್ತಿದ್ದರು. ಆಗ ನನಗೆ ಇದೆಲ್ಲ ಆರಂಭಶೂರತ್ವ ಅನ್ನಿಸಿತ್ತು. ಮುಂದಿನ ತಿಂಗಳು ನ್ಯಾಯಮೂರ್ತಿ ವರ್ಮಾ ಸಮಿತಿ ವರದಿ ಕೊಟ್ಟಿತು, 2013ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅಲ್ಲೂ ಇಲ್ಲೂ ಅರ್ಧ ಗಂಟೆ ಉರಿದ ಬತ್ತಿಗಳೆಲ್ಲ ಸೇರಿ ಒಂದು ಸಮಿತಿಯ ಗಡಿಯಾರವನ್ನು ಚುರುಕುಗೊಳಿಸಿದ್ದವು. ನನ್ನ ಅವಸರದ ತೀರ್ಮಾನ ತಪ್ಪಾಗಿತ್ತು.

2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿನವರು ಉಕ್ಕಿನ ಸೇತುವೆ ಬೇಡವೆಂದು ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತಾಗ ಸರಪಳಿಯ ಜೊತೆಗೆ ಅಂಕಿಅಂಶ ಇತ್ತು, ನ್ಯಾಯಾಲಯದ ಅರ್ಜಿ ಇತ್ತು. 2017ರ ಮಾರ್ಚ್‌ನಲ್ಲಿ ಯೋಜನೆ ರದ್ದಾಯಿತು. ಭಂಗಿಯ ಬೆನ್ನಿಗೆ ಕೆಲಸ ನಿಂತಲ್ಲಿ ಫಲ ಕಂಡಿದೆ.

ಬೆರಳು ತಿರುಗಿದ ದಿಕ್ಕು

ಇಪ್ಪತ್ತು ವರ್ಷದಲ್ಲಿ ದೇಶಭಕ್ತಿಯ ಸಿನಿಮಾದ ಕುಲವೇ ಬದಲಾಗಿದೆ. ‘ರಂಗ್ ದೇ ಬಸಂತಿ’ಯಲ್ಲಿ ಗಡಿಯಾಚೆಯ ವೈರಿ ಇಲ್ಲವೇ ಇಲ್ಲ. ವೈರಿ ಮನೆಯೊಳಗಿದ್ದಾನೆ, ಒಬ್ಬನಿಗಂತೂ ಸ್ವಂತ ಅಪ್ಪನೇ. ದೇಶವನ್ನು ಪ್ರೀತಿಸುವುದೆಂದರೆ ಸರ್ಕಾರವನ್ನು ಪ್ರಶ್ನಿಸುವುದು ಎಂಬುದು ಅದರ ನಿಲುವು. ಯಾವ ದೇಶವೂ ತಾನಾಗಿ ಚೊಕ್ಕಟವಾಗಿರುವುದಿಲ್ಲ, ಇರುವವರೇ ಅದನ್ನು ಮಾಡಿಕೊಳ್ಳಬೇಕು ಎಂಬರ್ಥದ ಮಾತನ್ನು ಸಮವಸ್ತ್ರದ ಅಜಯ್‌ನ ಬಾಯಲ್ಲೇ ಆಡಿಸಿದ್ದಾರೆ.

2019ರ ‘ಉರಿ’ ಮತ್ತು ಅದರ ಬೆನ್ನಿಗೆ ಬಂದ ಹಲವು ಚಿತ್ರಗಳಲ್ಲಿ ಬೆರಳು ಹೊರಗೆ ತಿರುಗಿದೆ. ಯುವಕ ಅಲ್ಲಿ ಕಾರ್ಯಾಚರಣೆಗೆ ಹೊರಟವನು, ಪ್ರಶ್ನೆ ಕೇಳುವವನಲ್ಲ. ಸೈನಿಕರ ಸಾಹಸ ತೆರೆಗೆ ಬರುವುದು ತಪ್ಪಲ್ಲ. ಆದರೆ ಒಂದು ಬಗೆಯ ಚಿತ್ರ ಬೆಳೆದು ಇನ್ನೊಂದು ಬಗೆಯದು ಸೊರಗಿದಾಗ, ದೇಶಭಕ್ತಿ ಎಂಬ ಪದದ ಅರ್ಧ ಅರ್ಥ ಜನರ ಬಾಯಿಂದ ಜಾರಿಹೋಗುತ್ತದೆ. ಬೀದಿಯಲ್ಲೂ ಪ್ರತಿಭಟನೆಯ ರೂಪ ಬದಲಾಯಿತು: 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಸೇರಿದ ಎಷ್ಟೋ ಯುವಕರ ಕೈಯಲ್ಲಿ ಸಂವಿಧಾನದ ಪೀಠಿಕೆ ಇತ್ತು. ಓದಬೇಕಾದ ಪಠ್ಯವೇ ಹಿಡಿಯುವ ಬೆಳಕಾದದ್ದು ನನ್ನ ಮಟ್ಟಿಗೆ ಒಂದು ಹೆಜ್ಜೆ ಮುಂದೆ.

ಬೀದರಿನ ಆಕಾಶ

ಎಲ್ಲರೂ ಮರೆತ ಪ್ರಶ್ನೆಗೆ ಈಗ ಮರಳಬೇಕು: ಮಿಗ್-21 ಏಕೆ ಬೀಳುತ್ತಿತ್ತು? 2012ರಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ, ಒಟ್ಟು 872 ಮಿಗ್ ವಿಮಾನಗಳಲ್ಲಿ 482 ಅಪಘಾತಕ್ಕೀಡಾಗಿದ್ದವು. 171 ಪೈಲಟ್‌ಗಳು ಸತ್ತಿದ್ದರು. ಚಿತ್ರ ಕೊಟ್ಟ ಉತ್ತರ ಒಂದೇ ಸಾಲಿನದು, ಲಂಚ. ನಿಜದ ಉತ್ತರ ಉದ್ದವಿದೆ. ವಿಮಾನ ಹಳೆಯದು, 1963ರಿಂದ ಬಳಕೆಯಲ್ಲಿತ್ತು. ಅದರ ಜಾಗಕ್ಕೆ ಬರಬೇಕಾದ ತೇಜಸ್ ಯೋಜನೆ 1983ರಲ್ಲಿ ಆರಂಭವಾದರೂ ಮೊದಲ ಸ್ಕ್ವಾಡ್ರನ್ ಬೆಂಗಳೂರಿನಲ್ಲಿ ಸಜ್ಜಾದದ್ದು 2016ರಲ್ಲಿ. ಇನ್ನೂ ಒಂದು ಕಾರಣ ಜನರ ಬಾಯಿಗೆ ಬರಲೇ ಇಲ್ಲ. ನಿಧಾನದ ತರಬೇತಿ ವಿಮಾನದಿಂದ ಎಳೆಯ ಪೈಲಟ್‌ಗಳು ನೇರವಾಗಿ ಅತಿವೇಗದ ಮಿಗ್‌ಗೆ ಹತ್ತಬೇಕಿತ್ತು. ಸೈಕಲ್ ಕಲಿತವನ ಕೈಗೆ ಲಾರಿ ಕೊಟ್ಟ ಹಾಗೆ. ನಡುವೆ ಒಂದು ಸುಧಾರಿತ ಜೆಟ್ ತರಬೇತಿ ವಿಮಾನ ಬೇಕೆಂದು ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. ಫೈಲು ಇಪ್ಪತ್ತೆರಡು ವರ್ಷ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಆ ಇಪ್ಪತ್ತೆರಡು ವರ್ಷಗಳಿಗೆ ಖಳನಾಯಕನ ಮುಖವಿಲ್ಲ. ಗುಂಡು ಹೊಡೆಯಲು ಎದೆಯೂ ಇಲ್ಲ.

ಆ ಒಪ್ಪಂದದ ‘ಹಾಕ್’ ಎಂಬ ತರಬೇತಿ ವಿಮಾನಗಳು ಬಂದಿಳಿದದ್ದು ನಮ್ಮ ಬೀದರಿಗೆ. 2008ರ ಫೆಬ್ರವರಿಯಲ್ಲಿ ಅಲ್ಲಿನ ವಾಯುನೆಲೆಯಲ್ಲಿ ಅವು ಅಧಿಕೃತವಾಗಿ ಸೇರ್ಪಡೆಯಾದವು. ಬೆಂಗಳೂರಿನ ಎಚ್‌ಎಎಲ್ ಮುಂದಿನವನ್ನು ಇಲ್ಲೇ ತಯಾರಿಸಿತು. ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳೂ 2016ರ ನಂತರ ಬೀದರಿನಲ್ಲೇ ಹಾಕ್ ಹಾರಿಸಲು ಕಲಿತರು. ತೆರೆಯ ಮೇಲೆ ಸೋನಿಯಾಳನ್ನು ಹೊರಗೆ ನಿಲ್ಲಿಸಿದ ಬಾಗಿಲು ಇಲ್ಲಿ ತೆರೆಯಿತು.

ಕಥೆ ಇಲ್ಲಿಗೆ ಶುಭಂ ಎಂದು ಮುಗಿಯುವುದಿಲ್ಲ. 2023ರಲ್ಲಿ ಸಿಬಿಐ ಇದೇ ಹಾಕ್ ಖರೀದಿಯಲ್ಲಿ ಲಂಚ ನಡೆದಿದೆಯೆಂಬ ಆರೋಪದ ಮೇಲೆ ಮೊಕದ್ದಮೆ ದಾಖಲಿಸಿತು. ಅಂದರೆ ಚಿತ್ರದ ಅನುಮಾನ ಸುಳ್ಳಲ್ಲ, ಅವಸರದ್ದು. ಮಿಗ್-21ಕ್ಕೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆಯಾಯಿತು. ಅದನ್ನು ಕೇಳಿ ಎಷ್ಟು ಜನಕ್ಕೆ ಅಜಯ್ ರಾಥೋಡ್ ನೆನಪಾದನೋ.

ಬೀದರ್ ಕೋಟೆಯ ಬುರುಜಿನ ಮೇಲೆ ನಿಂತರೆ ಕೆಲವೊಮ್ಮೆ ತಲೆಯ ಮೇಲೆ ಹಾಕ್ ವಿಮಾನದ ಸದ್ದು ಕೇಳುತ್ತದೆ. ಅದರ ಮುಂದಿನ ಸೀಟಿನಲ್ಲಿ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗನೋ ಹುಡುಗಿಯೋ ಇರುತ್ತಾರೆ. ಹಿಂದಿನ ಸೀಟಿನಲ್ಲಿ ಕಲಿಸುವವರು. ಆ ಹಿಂದಿನ ಸೀಟು ಬರಲು ಸಮಿತಿಯೊಂದು ಹೇಳಬೇಕಾಯಿತು, ಮಕ್ಕಳನ್ನು ಕಳೆದುಕೊಂಡ ತಾಯಂದಿರು ಕೇಳಬೇಕಾಯಿತು, ಒಂದು ಫೈಲು ಇಪ್ಪತ್ತೆರಡು ವರ್ಷ ತೆವಳಬೇಕಾಯಿತು. ಅದರ ಮೇಲೆ ಯಾರೂ ಸಿನಿಮಾ ತೆಗೆದಿಲ್ಲ. ‘ರಂಗ್ ದೇ ಬಸಂತಿ’ಯ ಹುಡುಗರಿಗೆ ನಾವು ಋಣಿಗಳು, ಗೆಳೆಯ ಸತ್ತದ್ದೇಕೆ ಎಂದು ಕೇಳಿದ್ದಕ್ಕೆ. ಉತ್ತರ ಬರುವವರೆಗೆ ಕಾಯುವ, ಕಾಯುತ್ತಲೇ ಕೆದಕುವ ಕೆಲಸ ಮಾತ್ರ ಚಿತ್ರಮಂದಿರದ ದೀಪ ಹತ್ತಿದ ಮೇಲೆ ಶುರುವಾಗುವಂಥದ್ದು.